ನಮ್ಮ ಹಳ್ಳದ ಮೀನು ಯಾವ ಮ್ಯಾಪಲ್ಲಿದೆ? ರೆಡ್ ಲಿಸ್ಟ್, ಕೆಬಿಎ, ಫಿಶ್‌ಬೇಸ್ ಬಳಸಿ ನೋಡಿದ ರಿವ್ಯೂ

ಮೂರೂ ಫ್ರೀ. ದುಡ್ಡಿಗೆ ತಕ್ಕ ಮಾಲೋ ಅಲ್ವೋ ಅನ್ನೋ ಪ್ರಶ್ನೆ ಇಲ್ಲಿ ಬರೋದೇ ಇಲ್ಲ, ನಿಮ್ಮ ಟೈಮಿಗೆ ತಕ್ಕ ಮಾಲೋ ಅನ್ನೋದಷ್ಟೇ ನೋಡ್ಬೇಕು. ರಿವ್ಯೂ ಮಾಡ್ತಿರೋದು ಯಾವ ಜೀವಿ ಅಳಿವಿಗೆ ಎಷ್ಟು ಹತ್ರ ಇದೆ ಅಂತ ದರ್ಜೆ ಕೊಡೋ ಐಯುಸಿಎನ್ ರೆಡ್ ಲಿಸ್ಟ್ ವೆಬ್‌ಸೈಟು, ಜೀವವೈವಿಧ್ಯಕ್ಕೆ ಮುಖ್ಯವಾದ ಜಾಗ ತೋರಿಸೋ ಕೀ ಬಯೋಡೈವರ್ಸಿಟಿ ಏರಿಯಾಸ್ ಅನ್ನೋ ಮ್ಯಾಪು (ಎಲ್ರೂ ಕೆಬಿಎ ಅಂತಾರೆ), ಜೊತೆಗೆ ಮೀನುಗಳ ಮಾಹಿತಿ ಕೋಶ ಫಿಶ್‌ಬೇಸ್. ಬಳಸಿದ ಉದ್ದೇಶ ಒಂದೇ: ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಸಿಹಿನೀರಿನ ಮೀನುಗಳಿಗೆ ಯಾವ ಹೊಳೆ, ಯಾವ ಹಳ್ಳ ಮೊದ್ಲು ಉಳಿಸ್ಕೋಬೇಕು ಅಂತ ಒಬ್ಬ ಸಾಮಾನ್ಯ ಮನುಷ್ಯ ಇವುಗಳನ್ನ ನೋಡಿ ತಿಳ್ಕೋಬಹುದಾ ಅನ್ನೋದು.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವ, ಕೆಲ್ಸ ಬೆಂಗಳೂರಲ್ಲಿ, ಮನೇಲಿ ಒಂದೆರಡು ಟ್ಯಾಂಕ್ ಇದೆ, ಮೀನಿನ ಹುಚ್ಚು ಅಷ್ಟೇ, ವಿಜ್ಞಾನಿ ಗಿಜ್ಞಾನಿ ಅಲ್ಲ. ಊರಲ್ಲಿ ದೊಡ್ಡಪ್ಪನ ಮಗ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಲಿ ಇದ್ದಾನೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಲೂ ಇಂಥ ಸಮಿತಿ ಇರ್ಬೇಕು, ಊರಲ್ಲಿ ಏನೇನು ಗಿಡ ಪ್ರಾಣಿ ಇದೆ ಅಂತ ರಿಜಿಸ್ಟರ್ ಮಾಡ್ಬೇಕು. "ತಮ್ಮಾ, ನೀ ಮೀನು ಸಾಕ್ತೀಯಲ, ಹಳ್ಳದ ಮೀನಿಂದು ನೀನೇ ಬರ್ಕೊಡಾ, ನಂಗೆ ಮುರುಗೋಡು, ಕುಚ್ಚು, ಹಾವುಮೀನು ಬಿಟ್ರೆ ಹೆಸ್ರು ಗೊತ್ತಿಲ್ಲ" ಅಂದ. ಆಯ್ತಣ್ಣ ಅಂತ ಒಪ್ಕೊಂಡೆ, ಈ ಮೂರು ಸೈಟಿಗೆ ಬಿದ್ದಿದ್ದು ಹಾಗೆ.

ಫಿಶ್‌ಬೇಸಿಂದು ಬೇಗ ಮುಗಿಸ್ತೀನಿ. 1990ರ ದಶಕದಿಂದ ಇರೋ ಸೈಟು, ನೋಡೋಕೂ ಆಗಿನ ಕಾಲದ್ದೇ ಥರ ಇದೆ, ಬಟನ್ನು ಲಿಂಕು ಎಲ್ಲ ಒತ್ತೊತ್ತಾಗಿ, ಮೊಬೈಲಲ್ಲಿ ಕಷ್ಟ. ಆದ್ರೆ ಸಮುದ್ರದ್ದೂ ಸೇರಿ 35 ಸಾವಿರ ಜಾತಿ ಮೀನಿನ ಮಾಹಿತಿ ಒಂದೇ ಕಡೆ, ಎಷ್ಟುದ್ದ ಬೆಳೆಯುತ್ತೆ, ಏನು ತಿನ್ನುತ್ತೆ, ಹರಿಯೋ ನೀರಿಂದೋ ನಿಂತ ನೀರಿಂದೋ, ಎಲ್ಲ ಸಿಗುತ್ತೆ. ಕನ್ನಡ ಹೆಸ್ರುಗಳೂ ಇದಾವೆ, ಇಂಗ್ಲಿಷ್ ಅಕ್ಷರದಲ್ಲಿ ಬರ್ದಿರ್ತಾರೆ, ಯಾವ ಊರ ಕಡೆ ಹೆಸ್ರು ಅಂತ ಹೇಳಲ್ಲ ಅಷ್ಟೇ. ಒಂದೇ ಹೆಸ್ರು ಮಂಡ್ಯದ ಕಡೆ ಒಂದು ಮೀನಿಗೆ, ತೀರ್ಥಹಳ್ಳಿ ಕಡೆ ಇನ್ನೊಂದಕ್ಕೆ ಇರುತ್ತೆ, ಹಾಗಾಗಿ ಕನ್ನಡ ಹೆಸ್ರು ಹಾಕಿ ಹುಡುಕಿ ಬಂದ ಮೊದಲ ಫೋಟೋನೇ ನಮ್ಮ ಮೀನು ಅಂತ ತೀರ್ಮಾನ ಮಾಡ್ಬೇಡಿ. ಇದ್ರ ಜೊತೆಗೆ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನವರ ಎಶ್‌ಮೆಯರ್ ಕ್ಯಾಟಲಾಗ್ ಅಂತ ಒಂದಿದೆ, ಚಿತ್ರ ಇಲ್ಲ ಏನಿಲ್ಲ, ಬರೀ ಹೆಸರಿನ ವಂಶಾವಳಿ, ಈಗ ಯಾವ ವೈಜ್ಞಾನಿಕ ಹೆಸ್ರು ಚಾಲ್ತಿಲಿದೆ ಅಂತ ನೋಡೋಕೆ ಅದನ್ನ ಮೀರಿಸಿದ್ದಿಲ್ಲ. ನಮ್ಮ ಘಟ್ಟದ ಮೀನಿನ ಹೆಸ್ರು ಹದಿನೈದು ವರ್ಷದಲ್ಲಿ ಎಷ್ಟು ಅದಲು ಬದಲು ಆಗಿದೆ ಅಂದ್ರೆ ಹಳೇ ಪುಂಟಿಯಸ್ ಅನ್ನೋ ಒಂದೇ ಗುಂಪು ಒಡೆದು ಪೆಥಿಯಾ, ಡಾಕಿನ್ಸಿಯಾ, ಸಹ್ಯಾದ್ರಿಯಾ ಅಂತೆಲ್ಲ ಆಗಿದೆ. ಈ ಕ್ಯಾಟಲಾಗ್ ಪಕ್ಕದಲ್ಲಿ ತೆಗೆದಿಟ್ಕೊಳ್ದೆ ಹಳೇ ಲಿಸ್ಟ್ ಓದೋಕೆ ಹೋದ್ರೆ ಒಂದೇ ಮೀನನ್ನ ಎರಡು ಸಲ ಎಣಿಸ್ತೀರಿ.

ಈಗ ರೆಡ್ ಲಿಸ್ಟ್. ಇದು ನಿಜವಾಗ್ಲೂ ಒಳ್ಳೆ ಮಾಲು. ಒಂದು ಮೀನಿನ ಪೇಜ್ ತೆಗೆದ್ರೆ ಅದು ಯಾವ ಅಪಾಯದ ದರ್ಜೆಲಿದೆ ಅನ್ನೋದಷ್ಟೇ ಅಲ್ಲ, ಯಾಕೆ ಆ ದರ್ಜೆ ಕೊಟ್ರು ಅಂತ ಬರ್ದಿರ್ತಾರೆ, ಎಲ್ಲಿದೆ, ಯಾವ ಥರದ ನೀರು, ಯಾರು ಹಿಡೀತಾರೆ, ಅಕ್ವೇರಿಯಂ ವ್ಯಾಪಾರಕ್ಕೆ ಹೋಗುತ್ತಾ, ಅಣೆಕಟ್ಟಿನ ತೊಂದ್ರೆ ಇದೆಯಾ, ಎಲ್ಲ. ಓದೋರು ಹೆಚ್ಚಿನವ್ರು ದರ್ಜೆಯ ಬಣ್ಣ ನೋಡಿ ವಾಪಸ್ ಬರ್ತಾರೆ, ಸರಕು ಇರೋದು ಕೆಳಗೆ. 2023ರ ಡಿಸೆಂಬರ್‌ನಲ್ಲಿ ಇವ್ರು ಜಗತ್ತಿನ ಸಿಹಿನೀರಿನ ಮೀನುಗಳ ಲೆಕ್ಕ ಒಟ್ಟಿಗೆ ಬಿಟ್ರು, 14,898 ಜಾತಿ ನೋಡಿದ್ರಲ್ಲಿ 3,086 ಅಳಿವಿನ ಅಂಚಿಗೆ ಬಂದಿವೆ ಅಂತ. ನಮ್ಮ ಪಶ್ಚಿಮ ಘಟ್ಟದ ಲೆಕ್ಕ ಅದಕ್ಕಿಂತ ಮುಂಚೆಯೇ, 2011ರಲ್ಲೇ ಬೇರೆಯಾಗಿ ಬಂದಿತ್ತು. ಮೀನು, ಏರೋಪ್ಲೇನ್ ಚಿಟ್ಟೆ, ಚಿಪ್ಪಿನ ಪ್ರಾಣಿ, ನೀರಿನ ಗಿಡ ಎಲ್ಲ ಸೇರಿ 1,146 ಜಾತಿ, ಅದ್ರಲ್ಲಿ ಮೀನು 290, ಆ 290ರಲ್ಲಿ ಹತ್ತಿರತ್ತಿರ ಮೂರನೇ ಒಂದು ಪಾಲಿಗೆ ಅಪಾಯ. ಗಿಡಗಳಿಗಿಂತ, ಏರೋಪ್ಲೇನ್ ಚಿಟ್ಟೆಗಳಿಗಿಂತ ಮೀನಿನ ಗತಿ ತುಂಬಾ ಕೆಟ್ಟದು. ಹೊಸ ಜಾತಿಗಳು ಸೇರ್ತಾನೇ ಇರೋದ್ರಿಂದ ಘಟ್ಟದ ಒಟ್ಟು ಪಟ್ಟಿ ಈಗ 300 ದಾಟಿದೆ, ಅರ್ಧಕ್ಕಿಂತ ಜಾಸ್ತಿ ಇಲ್ಲಿಗಷ್ಟೇ ಸೀಮಿತ.

ರೆಡ್ ಲಿಸ್ಟಿನ ಮ್ಯಾಪ್ ವಿಷಯಕ್ಕೆ ಬರೋಣ, ನಂಗೆ ಬೇಕಾಗಿದ್ದು ಅದೇ. ಹುಲಿಗೋ ಹಾರ್ನ್‌ಬಿಲ್ಲಿಗೋ ಮ್ಯಾಪ್ ಬರಿಯೋವಾಗ ಕಾಡಿನ ಸುತ್ತ ಒಂದು ಗೆರೆ ಎಳೆದ್ರೆ ಆಯ್ತು, ಮೀನಿಗೆ ಹಾಗಾಗಲ್ಲ, ಮೀನು ಇರೋದು ನೀರಲ್ಲಿ, ನೀರು ಬರೋದು ಮೇಲಿಂದ. ಹಾಗಾಗಿ ಇವ್ರು ಹೈಡ್ರೋಬೇಸಿನ್ಸ್ ಅನ್ನೋ ಡೇಟಾ ಬಳಸ್ತಾರೆ, ಭೂಮಿ ಮೇಲಿನ ನದಿ ಕೊಳ್ಳಗಳನ್ನೆಲ್ಲ ನೀರು ಹರಿಯೋ ದಿಕ್ಕಿನ ಮೇಲೆ ಒಂದರೊಳಗೊಂದು ಹನ್ನೆರಡು ಹಂತದಲ್ಲಿ ತುಂಡು ಮಾಡಿರೋದು. ಒಂದು ಮೀನು ಒಂದು ಕಡೆ ಸಿಕ್ತು ಅಂದ್ರೆ ಆ ತುಂಡು ಪೂರ್ತಿ ಬಣ್ಣ ಬರುತ್ತೆ. ಈ ಐಡಿಯಾ ನಂಗೆ ತುಂಬಾ ಹಿಡಿಸ್ತು ಕಣ್ರೀ, ಯಾಕಂದ್ರೆ ಘಟ್ಟದ ಮೇಲೆ ಯಾರದ್ದೋ ತೋಟದಲ್ಲಿ ಕೊಳೆ ಔಷಧಿ ಹೊಡೆದ ಮೈಲುತುತ್ತ ಮಳೆಗೆ ತೊಳ್ಕೊಂಡು ಹಳ್ಳಕ್ಕೇ ಬರೋದು, ರಸ್ತೆ ಅಗಲ ಮಾಡಿದ ಮಣ್ಣು ಹಳ್ಳಕ್ಕೇ ಬರೋದು, ಮೀನಿರೋ ಗುಂಡಿ ಸುತ್ತ ಬೇಲಿ ಹಾಕಿ ಪ್ರಯೋಜನ ಇಲ್ಲ, ಇಡೀ ಜಲಾನಯನ ಒಂದೇ ಘಟಕ ಅಂತ ಮ್ಯಾಪೇ ಹೇಳ್ತಿದೆ. ಅಣ್ಣನ ಸಮಿತಿಲಿ ಇದನ್ನ ತೋರಿಸಿದಾಗ ಒಬ್ಬ ಹಿರಿಯರು "ಅಂದ್ರೆ ಮೇಲಿನ ಊರಿನವ್ರನ್ನೂ ಮೀಟಿಂಗಿಗೆ ಕರೀಬೇಕಾತಲ್ಲ" ಅಂದ್ರು. ನಾನು ಅರ್ಧ ಗಂಟೆ ವಿವರಿಸಿದ್ದನ್ನ ಅವ್ರು ಒಂದೇ ಮಾತಲ್ಲಿ ಮುಗಿಸಿದ್ರು.

ತೊಂದ್ರೆ ಎಲ್ಲಿ ಅಂದ್ರೆ ಆ ತುಂಡಿನ ಸೈಜು. ಒಂದೊಂದು ತುಂಡು ನೂರಾರು ಚದರ ಕಿಲೋಮೀಟರ್ ಇರುತ್ತೆ. ಶರಾವತಿ ಕೊಳ್ಳದಲ್ಲಿ ನೋಡಿ, 1964ರಲ್ಲಿ ಲಿಂಗನಮಕ್ಕಿ ತುಂಬಿದ ಮೇಲೆ ಹಿನ್ನೀರಿನ ದೊಡ್ಡ ಭಾಗ ನಿಂತ ನೀರು. ಅಲ್ಲಿ ಬದುಕೋದು ಕಟ್ಲಾ, ರೋಹು, ತಿಲಾಪಿಯಾ, ಹೊರಗಿಂದ ತಂದು ಬಿಟ್ಟವು. ಬಂಡೆಗೆ ಅಂಟ್ಕೊಂಡು ಬದುಕೋ ಶಿಸ್ಟುರಾ ಥರದ ಬೆರಳುದ್ದದ ಮೀನಿಗೆ ಜೋರಾಗಿ ಹರಿಯೋ, ತಣ್ಣಗಿರೋ, ಮೇಲೆ ಮರದ ನೆರಳಿರೋ ಹಳ್ಳ ಬೇಕು. ಮ್ಯಾಪಲ್ಲಿ ಹಿನ್ನೀರೂ ಅದೇ ಬಣ್ಣ, ಹಳ್ಳವೂ ಅದೇ ಬಣ್ಣ. ಶಿಸ್ಟುರಾ ನಾಗೋಡಿಯೆನ್ಸಿಸ್ ಅಂತ ಒಂದು ಮೀನಿದೆ, ನಿಟ್ಟೂರಿಂದ ಕೊಲ್ಲೂರಿಗೆ ಇಳಿಯೋ ನಾಗೋಡಿಯ ಹೆಸ್ರೇ ಅದಕ್ಕೆ, ಇನ್ನೊಂದು ಶಿಸ್ಟುರಾ ಶರಾವತಿಯೆನ್ಸಿಸ್, ಎರಡೂ 2006ರಲ್ಲಿ ಐಐಎಸ್‌ಸಿಯ ಕಡೆಯವ್ರು ಹೆಸರಿಟ್ಟಿದ್ದು, ಅದಕ್ಕೂ ಎರಡು ವರ್ಷ ಮುಂಚೆ ಬಟಾಸಿಯೊ ಶರಾವತಿಯೆನ್ಸಿಸ್ ಅನ್ನೋ ಮೀನಿಗೆ ಬೇರೆಯವ್ರು ಹೆಸರಿಟ್ಟಿದ್ರು. ಅದೇ ಐಐಎಸ್‌ಸಿ ಗುಂಪು ಶರಾವತಿ ಮೇಲ್ಕೊಳ್ಳದ ಹಳ್ಳಹಳ್ಳ ಸುತ್ತಿ ಒಂದು ಮಾತು ಹೇಳಿದ್ರು, ಯಾವ ಹಳ್ಳದ ಸುತ್ತ ನಿತ್ಯಹರಿದ್ವರ್ಣ ಕಾಡು ಉಳಿದಿದೆಯೋ, ಅಲ್ಲಿನ ಎಂಡೆಮಿಕ್ (ಅಂದ್ರೆ ಈ ಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲದ) ಮರಗಳು ಇನ್ನೂ ಇದಾವೋ, ಆ ಹಳ್ಳದಲ್ಲೇ ಎಂಡೆಮಿಕ್ ಮೀನೂ ಜಾಸ್ತಿ ಅಂತ. ವರ್ಷಪೂರ್ತಿ ನೀರು ಹರಿಯೋದು ಅಂಥ ಕಡೆಯೇ ಜಾಸ್ತಿ ಅಲ್ವಾ. ಆದ್ಯತೆ ಜಾಗ ಹುಡುಕೋಕೆ ನಂಗೆ ಇದುವರೆಗೆ ಸಿಕ್ಕ ಅತ್ಯಂತ ಉಪಯೋಗದ ಸೂತ್ರ ಇದು, ಮೂರು ವೆಬ್‌ಸೈಟಲ್ಲೂ ಇಷ್ಟು ಸುಲಭವಾಗಿ ಬರ್ದಿಲ್ಲ. ಗೂಗಲ್ ಮ್ಯಾಪ್ ಸ್ಯಾಟಲೈಟ್ ಹಾಕಿ, ಬೇಸಿಗೇಲೂ ಕಡು ಹಸಿರಾಗಿರೋ ಕಣಿವೆ ನೋಡಿ, ಏಪ್ರಿಲಲ್ಲಿ ಹೋಗಿ ನೀರಿದೆಯಾ ನೋಡಿ, ಅರ್ಧ ಕೆಲ್ಸ ಆದಂಗೆ.

ರೆಡ್ ಲಿಸ್ಟಿನ ದೊಡ್ಡ ಮಿತಿ ಇನ್ನೊಂದಿದೆ, ಅದಕ್ಕೆ ಕಾವೇರಿಯ ಮಾಹಸೀರ್ ಕಥೆಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ಬೆನ್ನು ಉಬ್ಬಿರೋ, ಕಿತ್ತಳೆ ರೆಕ್ಕೆಯ ಆ ದೈತ್ಯ ಮಾಹಸೀರ್ ಬ್ರಿಟಿಷರ ಕಾಲದಿಂದ ಗಾಳ ಹಾಕೋರಿಗೆ ಪ್ರಪಂಚದಾದ್ಯಂತ ಗೊತ್ತು, 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವ್ರು ಕಬಿನಿಲಿ ಹಿಡಿದ 120 ಪೌಂಡಿನ ಮೀನಿನ ದಾಖಲೆ ಇವತ್ತಿಗೂ ಹೇಳ್ತಾರೆ, ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕ್ಯಾಂಪುಗಳಿಗೆ ವಿದೇಶದಿಂದ ಜನ ಬರ್ತಿದ್ದಿದ್ದೇ ಇದಕ್ಕೆ. ಇಷ್ಟು ಫೇಮಸ್ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸ್ರೇ ಗಟ್ಟಿಯಾಗಿರಲಿಲ್ಲ! 2018ರಲ್ಲಿ ಇದು ಟಾರ್ ರೆಮದೇವಿಯೈ ಅಂತ ತೀರ್ಮಾನ ಆಯ್ತು. ಆ ಹೆಸ್ರನ್ನ ಅದಕ್ಕೂ ಮುಂಚೆ ಕೇರಳದ ಪಾಂಬಾರ್‌ನಲ್ಲಿ, ಅದೂ ಕಾವೇರಿಗೇ ಸೇರೋ ಹೊಳೆ, ಸಿಕ್ಕಿದ್ದ ಸಣ್ಣ ಮೀನುಗಳಿಗೆ ಇಟ್ಟಿದ್ರು. ಅದೇ ವರ್ಷ ರೆಡ್ ಲಿಸ್ಟಲ್ಲಿ ನೇರ ಕ್ರಿಟಿಕಲಿ ಎಂಡೇಂಜರ್ಡ್, ಅಂದ್ರೆ ಕಾಡಿಂದ ಅಳಿಯೋಕೆ ಒಂದೇ ಮೆಟ್ಟಿಲು. ಹೆಸರಿಲ್ಲದಿದ್ರೆ ಪಟ್ಟಿಲಿಲ್ಲ, ಪಟ್ಟಿಲಿಲ್ಲದಿದ್ರೆ ಮ್ಯಾಪಲ್ಲಿಲ್ಲ, ಮ್ಯಾಪಲ್ಲಿಲ್ಲದಿದ್ರೆ ಯಾವ ಆಫೀಸಲ್ಲೂ ಕೇಳೋರಿಲ್ಲ. ಅಷ್ಟೊತ್ತಿಗೆ ಏನಾಗಿತ್ತು ಅಂದ್ರೆ, ಮಾಹಸೀರ್ ಉಳಿಸ್ತೀವಿ ಅಂತ ಲೋನಾವಳದ ಹ್ಯಾಚರಿಲಿ ಮರಿ ಮಾಡಿದ ನೀಲಿ ರೆಕ್ಕೆಯ ಟಾರ್ ಖುದ್ರಿಯನ್ನ ವರ್ಷಗಟ್ಟಲೆ ಕಾವೇರಿಗೂ ಬಿಟ್ಟಿದ್ರು, ಅದೇ ತುಂಬ್ಕೊಂಡು ನಮ್ಮದು ಕಮ್ಮಿ ಆಗ್ತಾ ಹೋಯ್ತು. ಒಳ್ಳೇದು ಮಾಡ್ತೀವಿ ಅಂತಾನೇ ಮಾಡಿದ್ದು, ಪಾಪ. ಈಗ ಅದರ ಮುಖ್ಯ ನೆಲೆ ಅಂತ ಎಲ್ರೂ ಬೆರಳು ತೋರಿಸೋದು ಬಂಡೀಪುರ-ಮುದುಮಲೈ ಗಡಿಯ ಮೋಯಾರ್ ಹೊಳೆ ಕಡೆಗೆ. ನಂಗೆ ಇದ್ರಿಂದ ಗೊತ್ತಾಗಿದ್ದು, ಆದ್ಯತೆಯ ಮ್ಯಾಪ್ ಮಾಡೋ ಮೊದ್ಲು ಯಾವ ಮೀನು ಯಾವುದು ಅಂತ ಗುರುತಿಸೋ ಟ್ಯಾಕ್ಸಾನಮಿ ಕೆಲ್ಸ ಆಗಿರ್ಬೇಕು, ಅದಕ್ಕೆ ದುಡ್ಡು ಕೊಡೋರು ಕಮ್ಮಿ, ಫೋಟೋಗೆ ಚೆನ್ನಾಗಿ ಬರಲ್ಲ ನೋಡಿ ಅದು.

ಕುದುರೆಮುಖದಲ್ಲೂ ಇಂಥದ್ದೇ. ರಾಷ್ಟ್ರೀಯ ಉದ್ಯಾನ ಅಂತ ಆಗಿ ಎಷ್ಟೋ ವರ್ಷ ಆದ್ಮೇಲೆ, 2015ರಲ್ಲಿ ತುಂಗೆಯ ಕಡೆಯಿಂದ ಪೆಥಿಯಾ ಸ್ಟ್ರಿಯೇಟಾ ಅಂತ ಹೊಸ ಮೀನು ಬಂತು. ಅಷ್ಟು ಜನ ಓಡಾಡೋ, ಗಣಿ ಗಲಾಟೆ ಕೋರ್ಟು ಕಚೇರಿ ಎಲ್ಲ ಕಂಡ ಜಾಗದಲ್ಲೇ ಹೀಗಾದ್ರೆ ನಮ್ಮ ಹಳ್ಳ ಯಾರು ನೋಡಿದಾರೆ ಹೇಳಿ. ಮ್ಯಾಪಲ್ಲಿ ಖಾಲಿ ಇರೋ ಜಾಗ ಎರಡು ಥರ, ಹುಡುಕಿ ಸಿಗದೇ ಇದ್ದದ್ದು, ಹುಡುಕದೇ ಇದ್ದದ್ದು. ರೆಡ್ ಲಿಸ್ಟ್ ಮ್ಯಾಪ್ ಈ ಎರಡನ್ನೂ ಒಂದೇ ಥರ ತೋರಿಸುತ್ತೆ. ಜೊತೆಗೆ ಅಸೆಸ್‌ಮೆಂಟ್ ಮಾಡಿದ ವರ್ಷ ನೋಡೋಕೆ ಮರೀಬೇಡಿ, 10 ವರ್ಷಕ್ಕಿಂತ ಹಳೇದಾದ್ರೆ ಅಪ್‌ಡೇಟ್ ಆಗ್ಬೇಕು ಅಂತ ಅವ್ರೇ ಗುರುತು ಹಾಕಿರ್ತಾರೆ, ಆ ಪ್ರಾಮಾಣಿಕತೆಗೆ ಫುಲ್ ಮಾರ್ಕ್ಸ್.

ಕೆಬಿಎ ಮ್ಯಾಪಿಗೆ ಬರ್ತೀನಿ, ಹೆಸ್ರು ಕೇಳಿದ್ರೆ ಆದ್ಯತೆ ಜಾಗ ತೋರಿಸೋಕೇ ಇರೋದು ಅಂತ ಗೊತ್ತಾಗುತ್ತೆ. 2016ರಲ್ಲಿ ಇದಕ್ಕೆ ಜಾಗತಿಕ ಮಾನದಂಡ ಬಂತು, ಎ ಇಂದ ಇ ತನಕ ಐದು ಗುಂಪಿನ ನಿಯಮ. ನಮಗೆ ಬೇಕಾದ್ದು ಮುಖ್ಯವಾಗಿ ಎರಡು. ಒಂದು ಜಾತಿ ತೀವ್ರ ಅಪಾಯದಲ್ಲಿದ್ರೆ, ಅಂದ್ರೆ ರೆಡ್ ಲಿಸ್ಟಲ್ಲಿ ಕ್ರಿಟಿಕಲಿ ಎಂಡೇಂಜರ್ಡ್ ಅಥವಾ ಎಂಡೇಂಜರ್ಡ್ ದರ್ಜೆಲಿದ್ರೆ, ಅದ್ರ ಒಟ್ಟು ಸಂಖ್ಯೆಯ 0.5% ಒಂದು ಜಾಗದಲ್ಲಿದ್ರೂ ಆ ಜಾಗ ಈ ಅಳತೆಲಿ ಪಾಸು. ಅದ್ರ ಕೆಳಗಿನ ದರ್ಜೆ ವಲ್ನರಬಲ್ ಆದ್ರೆ 1% ಬೇಕು. ಇನ್ನೊಂದು ನಿಯಮ, ಅಪಾಯ ಇರ್ಲಿ ಬಿಡ್ಲಿ, ಹರಡಿರೋ ಜಾಗವೇ ಚಿಕ್ಕದಾಗಿರೋ ಜಾತಿ ಆದ್ರೆ ಅದ್ರ 10% ಒಂದು ಕಡೆ ಇರ್ಬೇಕು. ಎಂಡೆಮಿಕ್ ಮೀನಿಗೆ ಹೇಳಿ ಮಾಡಿಸಿದಂಥ ನಿಯಮ ಇದು, ಒಂದೆರಡು ಕೊಳ್ಳದಲ್ಲಷ್ಟೇ ಇರೋ ಮೀನು ಎಷ್ಟೋ ಇದಾವಲ್ಲ ನಮ್ಮಲ್ಲಿ. ಮೀನು ಎಣಿಸೋದು ಹೇಗಪ್ಪಾ ಅಂತ ಕೇಳ್ಬೇಡಿ, ತಲೆ ಎಣಿಕೆ ಆಗದಿದ್ರೆ ಅದಿರೋ ಜಾಗದ ವಿಸ್ತೀರ್ಣ, ಸಿಕ್ಕ ನೆಲೆಗಳ ಸಂಖ್ಯೆ ಇವನ್ನೂ ಲೆಕ್ಕಕ್ಕೆ ತಗೋಬಹುದು ಅಂತ ಮಾನದಂಡದಲ್ಲೇ ಇದೆ. ಪೇಪರ್ ಮೇಲೆ ನೋಡಿದ್ರೆ ಇಷ್ಟು ನೀಟಾದ ಪದ್ಧತಿ ನಾನು ಬೇರೆ ನೋಡಿಲ್ಲ.

ಮ್ಯಾಪ್ ತೆರೆದ್ರೆ ಮಾತ್ರ ಉತ್ಸಾಹ ಇಳಿಯುತ್ತೆ. ಯಾಕಂದ್ರೆ ಜಗತ್ತಿನ ಕೆಬಿಎಗಳಲ್ಲಿ ಬಹುಪಾಲು ಮೊದ್ಲು ಪಕ್ಷಿಗಳಿಗಾಗಿ ಗುರುತಿಸಿದ ಜಾಗಗಳು, ಐಬಿಎ ಅಂತ ಇದ್ದವು, ಅವೇ ಇಲ್ಲಿಗೆ ಬಂದಿವೆ. ಭಾರತದ ಕಥೆನೂ ಅದೇ. ಹಕ್ಕಿ ನೋಡೋರು ಜಾಸ್ತಿ, ದಶಕಗಟ್ಟಲೆ ಲೆಕ್ಕ ಇಟ್ಟಿದಾರೆ, ಅದು ಅವ್ರ ತಪ್ಪಲ್ಲ, ಅವ್ರಿಗೆ ಸಲಾಂ. ಆದ್ರೆ ಬಣ್ಣ ಬಳಿದಿರೋ ಜಾಗ ನೋಡಿ ಇಲ್ಲಿ ಮೀನಿಗೂ ಆದ್ಯತೆ ಇದೆ ಅಂತ ಅಂದ್ಕೊಂಡ್ರೆ ಕೆಟ್ಟಿರಿ. ಪ್ರತಿ ಜಾಗದ ಒಳಗೆ ಯಾವ ಜಾತಿಯಿಂದಾಗಿ ಇದು ಆಯ್ಕೆ ಆಯ್ತು ಅಂತ ಪಟ್ಟಿ ಇರುತ್ತೆ, ಅದನ್ನ ತೆಗೆದು ನೋಡಲೇಬೇಕು, ಎಷ್ಟೋ ಕಡೆ ಮೀನಿನ ಸುದ್ದಿನೇ ಇರಲ್ಲ. ಕಾಡಿನ ಗುಡ್ಡ ಒಳಗೆ, ಅದೇ ಗುಡ್ಡದಿಂದ ಇಳಿದ ಹೊಳೆ ಹೊರಗೆ. ನಮ್ಮ ಅಭಯಾರಣ್ಯಗಳ ಗಡಿಯೂ ಹೀಗೇ ಅಲ್ವಾ, ಹೊಳೆ ಅಂದ್ರೆ ಗಡಿ ಗೆರೆ ಎಳೆಯೋಕೆ ಒಂದು ಅನುಕೂಲ ಅಷ್ಟೇ, ಈ ದಡ ಅರಣ್ಯ ಇಲಾಖೆದು, ಆ ದಡ ಯಾರದ್ದೋ. 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವನ್ನ ಅಘನಾಶಿನಿ ಕಡೆ ಕಾಡನ್ನೂ ಸೇರಿಸಿ ದೊಡ್ಡದು ಮಾಡಿದ್ರು, ಸಿಂಗಳೀಕದ ಹೆಸ್ರಲ್ಲಿ. ಸಿಂಗಳೀಕಕ್ಕೂ ನಿತ್ಯಹರಿದ್ವರ್ಣ ಕಾಡೇ ಬೇಕು, ಶಿಸ್ಟುರಾಗೂ ಅಂಥ ಕಾಡಿನ ಹಳ್ಳವೇ ಬೇಕು, ಹಾಗಾಗಿ ಮೀನಿಗೆ ಕೋತಿ ಕೃಪೆಯಿಂದ ಸ್ವಲ್ಪ ಜಾಗ ಸಿಕ್ಕಿದೆ. ಹೀಗೆ ಅದೃಷ್ಟದ ಮೇಲೆ ಬದುಕೋದು ಎಷ್ಟು ದಿನ ಅನ್ನೋದು ಬೇರೆ ಮಾತು, ಅದೇ ಕಣಿವೇಲಿ ಪಂಪ್ಡ್ ಸ್ಟೋರೇಜ್ (ನೀರನ್ನ ಮೇಲೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟ್ ಮಾಡೋ) ಯೋಜನೆ ಚರ್ಚೆ ನಡೀತಾನೇ ಇದೆ.

ಇನ್ನೊಂದು ವಿಷಯ ಗಮನಕ್ಕಿರ್ಲಿ, ಕೆಬಿಎ ಅಂದ ಮಾತ್ರಕ್ಕೆ ಕಾನೂನಿನ ರಕ್ಷಣೆ ಇಲ್ಲ. ಅದು ಇಲ್ಲಿ ಮುಖ್ಯವಾದದ್ದು ಇದೆ ನೋಡಿ ಅಂತ ಹೇಳುತ್ತೆ, ಅಷ್ಟೇ. ಸಮಿತಿಲಿ ಒಬ್ಬರು "ನಮ್ಮ ಹಳ್ಳ ಅದಕ್ಕೆ ಸೇರ್ಸಿದ್ರೆ ತೋಟಕ್ಕೆ ನೀರು ಬಿಡ್ಕೊಳೋಕೆ ಬಿಡಲ್ವಾ" ಅಂತ ಹೆದರಿದ್ರು, ಹಂಗೇನಿಲ್ಲ ಮಾರಾಯ್ರೆ ಅಂತ ಅರ್ಥ ಮಾಡಿಸೋದೇ ದೊಡ್ಡ ಕೆಲ್ಸ ಆಯ್ತು, ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿ ಗದ್ದಲ ಆದ್ಮೇಲೆ ಮಲೆನಾಡಲ್ಲಿ ಮ್ಯಾಪ್ ಅಂದ್ರೆ ಸಾಕು ಜನ ಬಾಗಿಲು ಹಾಕ್ಕೋತಾರೆ. ತಪ್ಪು ಅವ್ರದ್ದಲ್ಲ, ಮ್ಯಾಪ್ ತಂದು ತೋರಿಸಿದ ಯಾರೂ ಅವ್ರನ್ನ ಮೊದ್ಲು ಕೇಳಿರಲಿಲ್ಲ.

ಮ್ಯಾಪಿಗೆ ಕಾಣದೇ ಇರೋದು ಏನಂದ್ರೆ ಟೈಮು. ಮಲೆನಾಡಿನವ್ರಿಗೆ ಹತ್ತುಮೀನು ಅಂದ್ರೆ ವಿವರಿಸೋದೇ ಬೇಡ. ಮುಂಗಾರು ಹಿಡಿದು ಹಳ್ಳ ಕೆಂಪಾಗಿ ತುಂಬ್ತಿದ್ದಂಗೆ ದೊಡ್ಡ ಹೊಳೆಯ ಮೀನು ಮೊಟ್ಟೆ ಇಡೋಕೆ ನೀರಿಗೆ ಎದುರಾಗಿ ಹತ್ತುತ್ತೆ, ಹಳ್ಳ, ತೋಡು, ಕೊನೆಗೆ ಗದ್ದೆ ತನಕ. ಆಗ ಊರಿಗೂರೇ ಟಾರ್ಚು, ಕತ್ತಿ, ಕೂಣಿ ಹಿಡ್ಕೊಂಡು ರಾತ್ರಿ ಇಳಿಯುತ್ತೆ. ನಾನೂ ಇಳಿದವನೇ, ಈಗ ಒಳ್ಳೆಯವನ ಥರ ಮಾತಾಡಲ್ಲ, ಮಳೆಗಾಲದ ಹತ್ತುಮೀನಿನ ಸಾರಿನ ರುಚಿ ಬೇರೆ. ಆದ್ರೆ ಆದ್ಯತೆ ಜಾಗದ ಲೆಕ್ಕದಲ್ಲಿ ನೋಡಿದ್ರೆ ವರ್ಷದ ಹನ್ನೊಂದು ತಿಂಗಳು ಯಾರ ಕಣ್ಣಿಗೂ ಬೀಳದ ಆ ಗದ್ದೆ ತೋಡು ಆ ಕೆಲವು ವಾರ ಇಡೀ ಹೊಳೆಯ ಮೀನಿಗೆ ಹೆರಿಗೆ ಮನೆ. ಮೊಟ್ಟೆ ತುಂಬಿದ ಮೀನು ಹಿಡಿದ್ರೆ ಮುಂದಿನ ವರ್ಷದ ಮೀನೂ ಅಲ್ಲೇ ಹೋಯ್ತು. ಕೆಬಿಎ ನಿಯಮದಲ್ಲಿ ಡಿ ಅನ್ನೋ ಗುಂಪು ಇಂಥದ್ದಕ್ಕೇ ಇದೆ, ಮೀನೋ ಹಕ್ಕಿಯೋ ಸಂತಾನಕ್ಕೋ ವಲಸೆಗೋ ಒಟ್ಟಾಗಿ ಸೇರೋ ಜಾಗ ಅಂತ, ಆದ್ರೆ ನಮ್ಮ ಹತ್ತುಮೀನಿನ ದಾರಿಗಳ ಡೇಟಾ ಯಾವ ಸರ್ವರಲ್ಲೂ ಇಲ್ಲ, ಇರೋದು ಊರಿನ ಶಿಕಾರಿ ಹುಚ್ಚಿನವ್ರ ತಲೇಲಿ. ಯಾವ ಮಳೆಗೆ, ಯಾವ ತೋಡಿಗೆ, ಯಾವ ಮೀನು ಮೊದ್ಲು ಹತ್ತುತ್ತೆ ಅಂತ ಅವ್ರು ಹೇಳ್ತಾರೆ. ಅಣ್ಣನ ರಿಜಿಸ್ಟರಿಗೆ ನಾನು ಮೂರು ಸೈಟಿಂದ ತಂದಿದ್ದಕ್ಕಿಂತ ಅವ್ರನ್ನ ಕೂರಿಸಿ ಬರ್ಕೊಂಡಿದ್ದೇ ಜಾಸ್ತಿ ಆಯ್ತು. ಊರಿನವ್ರು ಅಷ್ಟು ಮಜವಾಗಿ ಭಾಗವಹಿಸಿದ ಸರ್ಕಾರಿ ಕೆಲ್ಸ ನಾನು ನೋಡಿಲ್ಲ.

ಹತ್ತೋ ಮೀನಿಗೆ ಅಡ್ಡ ಬರೋ ಕಟ್ಟೆಗಳ ವಿಷಯಾನೂ ಇಲ್ಲೇ ಹೇಳ್ಬೇಕು. ದೊಡ್ಡ ಅಣೆಕಟ್ಟಿಗೆ ಹೋರಾಟ ಆಗುತ್ತೆ, ಪೇಪರಲ್ಲಿ ಬರುತ್ತೆ. ಹಳ್ಳಕ್ಕೆ ಸೊಂಟದೆತ್ತರ ಕಾಂಕ್ರೀಟ್ ಕಟ್ಟೆ ಹಾಕಿದ್ರೆ ಯಾರೂ ಕೇಳಲ್ಲ, ಹತ್ತೋ ಮೀನಿಗೆ ಎರಡೂ ಒಂದೇ. ಹಲಗೆ ಹಾಕೋ ಕಿಂಡಿ ಅಣೆಕಟ್ಟಾದ್ರೆ ಮಳೆಗಾಲದಲ್ಲಿ ಹಲಗೆ ತೆಗೀತಾರೆ, ದಾರಿ ಇರುತ್ತೆ, ನೀರಿನ ಕೆಲ್ಸವೂ ಆಗುತ್ತೆ.

ಜಾಗ ಎಷ್ಟು ಚಿಕ್ಕದಿರಬಹುದು ಅನ್ನೋದಕ್ಕೆ ಆಂಬೋಲಿ ನೋಡಿ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ, ಹಿರಣ್ಯಕೇಶಿ ಹುಟ್ಟೋ ಜಾಗ, ಅದೇ ಹೊಳೆ ಮುಂದೆ ನಮ್ಮ ಬೆಳಗಾವಿ ಜಿಲ್ಲೆಗೆ ಬಂದು ಘಟಪ್ರಭಾ ಸೇರುತ್ತೆ. ಅಲ್ಲಿನ ದೇವಸ್ಥಾನದ ಹತ್ರ 2020ರಲ್ಲಿ ಶಿಸ್ಟುರಾ ಹಿರಣ್ಯಕೇಶಿ ಅನ್ನೋ ಹೊಸ ಮೀನು ವರದಿ ಆಯ್ತು, 2021ರಲ್ಲಿ ಸರ್ಕಾರ ಆ 2.11 ಹೆಕ್ಟೇರ್ ಜಾಗವನ್ನ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಮಾಡ್ತು. ಐದು ಎಕರೆ ಚಿಲ್ಲರೆ! ಒಂದು ಅಡಿಕೆ ತೋಟದಷ್ಟು. ಹೈಡ್ರೋಬೇಸಿನ್ ತುಂಡಿನಲ್ಲಿ ಇದು ಚುಕ್ಕಿನೂ ಆಗಲ್ಲ. ಅದಕ್ಕೆ ಬಳಸಿದ್ದು ನಮ್ಮ ಪಂಚಾಯ್ತಿ ಸಮಿತಿ ಇರೋ ಅದೇ 2002ರ ಕಾಯ್ದೆ, ಬೇರೆ ಏನೂ ಅಲ್ಲ. ಕೇರಳದಲ್ಲಂತೂ ಇನ್ನೂ ವಿಚಿತ್ರ, ಅಲ್ಲಿ ಮನೆ ಬಾವಿಯಿಂದ, ಜಂಬಿಟ್ಟಿಗೆ ಕಲ್ಲಿನ ಒಳಗಿನ ಅಂತರ್ಜಲದಿಂದ ಕುರುಡು ಮೀನುಗಳೂ ಕಣ್ಣಿರೋ ವಿಚಿತ್ರ ಮೀನುಗಳೂ ಬರ್ತಾವೆ, ಕಣ್ಣಿರೋ ಎನಿಗ್ಮಾಚನ್ನಾ ಅನ್ನೋ ಒಂದಕ್ಕೆ 2020ರಲ್ಲಿ ಹೊಸ ಕುಟುಂಬವನ್ನೇ ಮಾಡಬೇಕಾಯ್ತು. ಭೂಮಿ ಒಳಗಿನ ನೀರಿಗೆ ಗೆರೆ ಎಲ್ಲಿ ಎಳೀತೀರಿ? ಜಂಬಿಟ್ಟಿಗೆ ನಮ್ಮ ಕರಾವಳಿಲೂ ಬೇಕಾದಷ್ಟಿದೆ, ಬಾವಿ ತೊಳೆಯೋವಾಗ ಒಂದು ಕಣ್ಣಿಟ್ಟಿರಿ.

ನಮ್ಮಲ್ಲಿ ಜನರೇ ಆದ್ಯತೆ ಕೊಟ್ಟ ಜಾಗಗಳೂ ಇದಾವೆ, ಮತ್ಸ್ಯಧಾಮ. ಶೃಂಗೇರಿ, ಶಿಶಿಲ, ರಾಮನಾಥಪುರ, ತೀರ್ಥಹಳ್ಳಿ ಹತ್ರದ ಚಿಪ್ಪಲಗುಡ್ಡೆ. ದೇವರ ಮೀನು ಅಂತ ಯಾರೂ ಮುಟ್ಟಲ್ಲ. ಶಿಶಿಲದಲ್ಲಿ ಕಿಡಿಗೇಡಿಗಳು ವಿಷ ಹಾಕಿ ಮೀನು ಸತ್ತಾಗ ಜನ ಅವಕ್ಕೆ ಸ್ಮಾರಕವನ್ನೇ ಕಟ್ಟಿದ್ರು. ಹೊಳೆಯ ಒಂದು ಗುಂಡಿಯಷ್ಟೇ ಆದ್ರೂ ದೊಡ್ಡ ತಾಯಿಮೀನು ಉಳಿಯೋದು ಅಂಥ ಕಡೆ. ಬೇಜಾರು ಅಂದ್ರೆ ದೊಡ್ಡದಾಗಿ ಕಾಣೋ ಮಾಹಸೀರಿಗೆ ಮಂಡಕ್ಕಿ ಸಿಗುತ್ತೆ, ಕಲ್ಲಡಿ ಇರೋ ಬೆರಳುದ್ದದ್ದಕ್ಕೆ ಯಾವ ಹರಕೆಯೂ ಇಲ್ಲ.

ಅಕ್ವೇರಿಯಂ ಹುಚ್ಚಿರೋರಿಗೆ ಒಂದು ಮಾತು, ನಾನೂ ಅದೇ ಪಂಗಡ. ಮಿಸ್ ಕೇರಳ ಅಂತ ಅಂಗಡಿಲಿ ಮಾರೋ ಕೆಂಪು ಗೆರೆಯ ಮೀನು ಸಹ್ಯಾದ್ರಿಯಾ ಡೆನಿಸೋನಿಯೈ, ರೆಡ್ ಲಿಸ್ಟಲ್ಲಿ ಎಂಡೇಂಜರ್ಡ್. ಚಂದ್ರಗಿರಿ ಹೊಳೆ ಅದ್ರ ನೆಲೆಗಳಲ್ಲಿ ಒಂದು, ಮೇಲೆ ಸುಳ್ಯದ ಕಡೆ ಪಯಸ್ವಿನಿ ಅಂತೀವಲ್ಲ ಅದೇ ಹೊಳೆ. 2005ರಿಂದ 2012ರ ಒಳಗೆ ಅಪಾಯದಲ್ಲಿರೋ 30 ಜಾತಿಯ 15 ಲಕ್ಷಕ್ಕೂ ಜಾಸ್ತಿ ಮೀನು ಭಾರತದಿಂದ ಹೊರಗೆ ಹೋಗಿವೆ ಅಂತ ಸಂಶೋಧಕರು ಲೆಕ್ಕ ಕೊಟ್ಟಿದಾರೆ, ಅದ್ರಲ್ಲಿ ದೊಡ್ಡ ಪಾಲು ಇದೂ ಸೇರಿ ಮೂರು ಥರದ ಮೀನುಗಳದ್ದು. ಹಾಗಾಗಿ ನಿಖರ ಜಾಗ ಆನ್‌ಲೈನಲ್ಲಿ ಹಾಕೋದು ಬಾಂಬಿಗೆ ಬತ್ತಿ ಇಟ್ಟಂಗೆ. ಐನ್ಯಾಚುರಲಿಸ್ಟ್ ಆ್ಯಪಲ್ಲಿ ಅಪಾಯದ ಜಾತಿ ಫೋಟೋ ಹಾಕಿದ್ರೆ ಅದೇ ಜಾಗವನ್ನ ಮಸುಕು ಮಾಡಿ ತೋರಿಸುತ್ತೆ, ಒಳ್ಳೇದು, ಫೇಸ್‌ಬುಕ್ಕಿನ ಗ್ರೂಪಲ್ಲಿ ಆ ವ್ಯವಸ್ಥೆ ಇಲ್ಲ. ಹಳ್ಳದ ಹೆಸ್ರು ಹಾಕ್ಬೇಡಿ, ಜಿಲ್ಲೆ ಹಾಕಿ ಸಾಕು. ಟ್ಯಾಂಕಲ್ಲಿ ಮರಿ ಮಾಡಿಸಿದ ಮೀನು ಅಂತ ಅಂಗಡಿಯವ್ರು ಹೇಳಿದ್ರೆ ಎಲ್ಲಿಂದ ತಂದ್ರು ಅಂತ ಕೇಳಿ.

ಮಾರ್ಕ್ಸ್ ಕೊಡೋದಾದ್ರೆ, ರೆಡ್ ಲಿಸ್ಟಿಗೆ 5ಕ್ಕೆ 4, ವಿವರಣೆ ಓದೋ ತಾಳ್ಮೆ ಇದ್ರೆ ಮಾತ್ರ. ಮ್ಯಾಪ್ ಡೇಟಾ ಇಳಿಸ್ಕೋಬೇಕಾದ್ರೆ ಅಕೌಂಟ್ ಮಾಡಿ ಯಾಕೆ ಬೇಕು ಅಂತ ಬರೀಬೇಕು, ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ಇಳಿಸಿದ ಫೈಲು ಮಾಮೂಲಿ ಫೋಟೋ ಥರ ತೆರೆಯಲ್ಲ, ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಅದೂ ಫ್ರೀ, ಕಲಿಯೋಕೆ ಒಂದು ವಾರಾಂತ್ಯ ಹೋಗುತ್ತೆ. ಕೆಬಿಎಗೆ ಪದ್ಧತಿ ಮಾತ್ರ ನೋಡಿದ್ರೆ 5ಕ್ಕೆ 5, ಘಟ್ಟದ ಮೀನಿಗೆ ಇವತ್ತು ಎಷ್ಟು ಉಪಯೋಗ ಅಂತ ನೋಡಿದ್ರೆ 2. ಫಿಶ್‌ಬೇಸಿಗೆ 4, ಮುಖಕ್ಕೆ ಸ್ವಲ್ಪ ಪೌಡರ್ ಹಾಕ್ಕೊಂಡಿದ್ರೆ ನಾಲ್ಕೂವರೆ. ಮೂರರಲ್ಲೂ ಕನ್ನಡ ಓದೋರಿಗೆ ಏನೂ ಇಲ್ಲ, ಪಂಚಾಯ್ತಿ ಸಮಿತಿಗೆ ಕೊಡೋ ಹಾಳೇನ ನಾನೇ ಕೂತು ಕನ್ನಡದಲ್ಲಿ ಬರೀಬೇಕಾಯ್ತು.

ಯಾರಾದ್ರೂ ಇದೇ ಕೆಲ್ಸಕ್ಕೆ ಇಳಿಯೋದಾದ್ರೆ ಕ್ರಮ ಹೀಗಿಟ್ಕೊಳ್ಳಿ: ಮೊದ್ಲು ಊರಲ್ಲಿ ಮೀನು ಗೊತ್ತಿರೋರನ್ನ ಹಿಡೀರಿ, ಆಮೇಲೆ ಬೇಸಿಗೇಲಿ ನೀರಿರೋ ಹಳ್ಳ ಗುರುತು ಹಾಕಿ, ಮೀನಿನ ಪಕ್ಕಕ್ಕೆ ಸ್ಕೇಲ್ ಇಟ್ಟು ರೆಕ್ಕೆ, ಮೀಸೆ, ಬಾಲ ಸ್ಪಷ್ಟವಾಗಿ ಕಾಣೋ ಹಾಗೆ ಫೋಟೋ ತಗೊಂಡು ಅದನ್ನ ವಾಪಸ್ ನೀರಿಗೆ ಬಿಡಿ, ಹೆಸ್ರಿಗೆ ಕ್ಯಾಟಲಾಗು, ಸ್ವಭಾವಕ್ಕೆ ಫಿಶ್‌ಬೇಸು, ದರ್ಜೆಗೆ ರೆಡ್ ಲಿಸ್ಟು, ಕೊನೇಲಿ ಕೆಬಿಎ. ಹೆಸ್ರು ನಿಮಗೇ ಗಟ್ಟಿ ಇಲ್ಲದಿದ್ರೆ ಗುಂಪಿನ ಹೆಸ್ರು ಮಾತ್ರ ಬರೀರಿ, ಶಿಸ್ಟುರಾ ಯಾವುದೋ ಒಂದು ಅಂತ ಬರೆದ್ರೂ ತೊಂದ್ರೆ ಇಲ್ಲ, ತಪ್ಪು ಹೆಸ್ರು ರಿಜಿಸ್ಟರಿಗೆ ಹೋದ್ರೆ ಅದನ್ನ ತೆಗೆಸೋದು ಬಹಳ ಕಷ್ಟ. ಸೊರಬ, ಹೊಸನಗರ, ಸಿದ್ದಾಪುರ ಕಡೆಯವ್ರು ಕಲ್ಲಿಗೆ ಅಂಟೋ ಸಣ್ಣ ಮೀನಿಗೆ ನಿಮ್ಮೂರಲ್ಲಿ ಏನಂತೀರಿ ಅಂತ ಕಾಮೆಂಟಲ್ಲಿ ಹಾಕಿ, ಅಣ್ಣನ ರಿಜಿಸ್ಟರಲ್ಲಿ ಆ ಕಾಲಮ್ಮು ಇನ್ನೂ ಖಾಲಿ ಇದೆ.